ಅವ್ವನ ಉಳಿದ ಹೊಟ್ಟೆ

ಅವ್ವನ ಹೊಟ್ಟೆಗೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂಬುದನ್ನು ಕಂಡುಹಿಡಿದವಳು ನಾನೇ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಮಕ್ಕಳಿಗೆ ಹೇಳಿದ್ದೇನೆ, ಕಾಲೇಜಿನ ಗೆಳತಿಯರಿಗೆ ಹೇಳಿದ್ದೇನೆ. ಹೇಳುವಾಗೆಲ್ಲ ಕಣ್ಣ ಮುಂದೆ ಒಂದೇ ಚಿತ್ರ: ಹೊರ್ತಿಯ ನಮ್ಮ ಮನೆಯ ಪಡಸಾಲೆ, ಗೋಡೆಗೆ ಒರಗಿ ಕುಳಿತ ನಾನು, ತೊಡೆಯ ಮೇಲೆ ದಿನಚರಿ. ಬೆರಳಿಟ್ಟು ಒಂದೊಂದೇ ದಿನ ದಾಟುತ್ತಿರುವಾಗ ಇದ್ದಕ್ಕಿದ್ದಂತೆ ಎಲ್ಲ ಹೊಳೆದುಬಿಡುತ್ತದೆ. ಹೋದ ತಿಂಗಳು ಟ್ರಂಕಿನ ತಳದಲ್ಲಿ ಆ ದಿನಚರಿ ಸಿಕ್ಕಿತು. ಕೂತು ಓದಿದೆ. ಅಂಥ ದಿನವೇ ಅದರಲ್ಲಿ ಇಲ್ಲ.

ಆದ್ದರಿಂದ ಇದನ್ನು ನನ್ನ ನೆನಪನ್ನೂ ನನ್ನದೇ ಕೈಬರಹವನ್ನೂ ಎದುರುಬದುರು ಕೂರಿಸಿಕೊಂಡು ಬರೆಯುತ್ತಿದ್ದೇನೆ. ಎರಡನ್ನೂ ಪೂರ್ತಿ ನಂಬುವುದಿಲ್ಲ. ನೆನಪು ನನ್ನನ್ನು ಹೊಗಳುತ್ತದೆ. ದಿನಚರಿ ಬರೆದವಳಿಗೆ ಆಗ ಇಪ್ಪತ್ಮೂರು ವರ್ಷ, ಅವಳಿಗೆ ತನ್ನ ಬಗ್ಗೆ ಬಿಟ್ಟು ಬೇರೆಯದನ್ನು ಬರೆಯಲು ಪುರುಸೊತ್ತು ಕಡಿಮೆ.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ಧಾರವಾಡದಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಕಾಲೇಜಿದ್ದ ಊರಿಗೆಲ್ಲ ಅರ್ಜಿ ಹಾಕಿ, ಟಪಾಲಿನವನ ದಾರಿ ಕಾಯುವುದು ನನ್ನ ಉದ್ಯೋಗ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹೊಲದಲ್ಲಿ ಬಿಳಿಜೋಳ, ಕುಸುಬೆ, ಒಂದಿಷ್ಟು ಶೇಂಗಾ. ಕೊಟ್ಟಿಗೆಯಲ್ಲಿ ಎರಡೆತ್ತು, ಒಂದು ಆಕಳು, ಅದರ ಕರು. ಕರುವಿನ ಮಾತು ಮುಂದೆ ಬರುತ್ತದೆ.

ಅವ್ವನಿಗೆ ಹೊಟ್ಟೆಯುರಿ ಎಷ್ಟು ವರ್ಷದಿಂದ ಇತ್ತೋ ಗೊತ್ತಿಲ್ಲ. ಒಲೆಯ ಹಿಂದಿನ ಗೂಡಿನಲ್ಲಿ ಸೋಡಾದ ಪುಡಿ ಇಟ್ಟುಕೊಂಡು, ಉರಿ ಎದ್ದಾಗ ಒಂದು ಚಿಟಿಕೆ ನೀರಿಗೆ ಹಾಕಿ ಕುಡಿದು ಮತ್ತೆ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಆ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಪ್ಪಗೆ ವಾಂತಿ ಮಾಡಿಕೊಂಡಳು. ಅಪ್ಪ ಅದನ್ನು ನೋಡಿ, ನೇರ ಹೆದ್ದಾರಿಗೆ ಹೋಗಿ ಸೊಲ್ಲಾಪುರದ ಕಡೆ ಹೋಗುವ ಟ್ರಕ್ಕಿಗೆ ಕೈ ಮಾಡಿದ. ಬಸ್ಸಿಗೆ ಕಾಯಲಿಲ್ಲ.

ಸೊಲ್ಲಾಪುರದ ದವಾಖಾನೆಯಲ್ಲಿ ಬಿಳಿ ಔಷಧ ಕುಡಿಸಿ ಎಕ್ಸ್‌ರೇ ತೆಗೆದರು. ಹುಣ್ಣು, ಕೊಯ್ಯಬೇಕು ಎಂದರು. ಡಾಕ್ಟರು ಮರಾಠಿ ಮನುಷ್ಯ, ಕನ್ನಡವನ್ನು ನಮ್ಮ ಕಡೆಯ ರೋಗಿಗಳಿಂದಲೇ ಕಲಿತಿದ್ದರು. ಆಪರೇಶನ್ ಮುಗಿಸಿ ಹೊರಗೆ ಬಂದು ಗಾಳಿಯಲ್ಲಿ ಬೆರಳಿನಿಂದ ಒಂದು ಕುಂಬಳಕಾಯಿಯ ಆಕಾರ ಬರೆದು, ಅದರ ನಡುವೆ ಗೆರೆ ಎಳೆದರು.

"ಅರ್ಧಾ ತೆಗದೇವಿ. ಅರ್ಧಾ ಉಳಿಸೇವಿ. ಪೂರಾ ತೆಗಿಯೋದು ಸೋಪಾ, ಹಗುರ ಇತ್ತು, ಉಳಿಸೋದ ತ್ರಾಸ."

ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿದ್ದರು. ಮೂರು ವಾರದ ಮೇಲೆ ಹೊಲಿಗೆ ಮಾಗಿ ಅವ್ವ ಮನೆಗೆ ಬಂದಿದ್ದಳು. ವರದಿ ಕೇಳಲು ಅಪ್ಪ ಮತ್ತು ನಾನು ಇಬ್ಬರೇ ಹೋದೆವು. ಹುಣ್ಣಿನ ಅಂಚಿನಲ್ಲಿ ಕ್ಯಾನ್ಸರಿನ ಮೊಳಕೆ ಇತ್ತಂತೆ. ಒಳಪದರ ದಾಟಿರಲಿಲ್ಲವಂತೆ. ಹುಣ್ಣಿಗೆಂದು ಕೊಯ್ದಾಗ ಅದೂ ಜೊತೆಗೆ ಹೊರಗೆ ಬಂದಿತ್ತು. "ನಸೀಬಾ ಅನ್ರಿ ಇದನ್ನ. ಇಷ್ಟ ಲಗೂನ ಯಾರಿಗೂ ಸಿಗೂದಿಲ್ಲ" ಎಂದು ಡಾಕ್ಟರು ನಿಜವಾಗಿ ಸಂತೋಷದಿಂದ ಹೇಳಿದರು. ನಮಗೆ ಆ ಒಂದು ಶಬ್ದ ಬಿಟ್ಟು ಮತ್ತೇನೂ ಕೇಳಿಸಲಿಲ್ಲ.

ಕೇಳಿಸಲಿಲ್ಲ ಎಂದೇ ನಾನು ನಂಬಿದ್ದೆ. ಊಟದ ವಿಷಯ ಡಾಕ್ಟರು ಆ ದಿನ ಏನೂ ಹೇಳಿರಲಿಲ್ಲ ಎಂದು ಎಷ್ಟೋ ಸಲ ವಾದಿಸಿದ್ದೇನೆ. ದಿನಚರಿಯಲ್ಲಿ ಆ ದಿನದ ಪುಟ ಹೀಗಿದೆ: "ಅಪ್ಪ ಮಾತಾಡಲಿಲ್ಲ. ಬಸ್ಸಿನಲ್ಲಿ ನಿಂತೇ ಬಂದೆವು. ಅವ್ವನಿಗೆ, ಆಯಿಗೆ ಹೇಳಬಾರದು ಎಂದು ಅಪ್ಪ ಅಂದ." ಅದರ ಕೆಳಗೆ ಪೆನ್ಸಿಲ್‌ನಲ್ಲಿ, ನನ್ನದೇ ಅಕ್ಷರದಲ್ಲಿ: "ಸ್ವಲ್ಪ ಸ್ವಲ್ಪ, ಆರು ಸಲ. ಊಟದ ಜೊತೆ ನೀರು ಬೇಡ. ಸಿಹಿ?"

ಆ ಪ್ರಶ್ನಾರ್ಥಕ ಚಿಹ್ನೆಯನ್ನು ಬಹಳ ಹೊತ್ತು ನೋಡಿದೆ. ಸಿಹಿ ಕೊಡಬಹುದೇ ಎಂದು ಕೇಳಬೇಕೆಂದುಕೊಂಡಿದ್ದೆನೋ, ಅವರು ಹೇಳಿದ್ದು ಅರ್ಧ ಕೇಳಿತ್ತೋ ತಿಳಿಯದು. ಏನೇ ಇರಲಿ, ಬರೆದುಕೊಂಡವಳು ನಾನು. ಬರೆದ ಮೇಲೆ ಪುಟ ಮಗುಚಿದವಳೂ ನಾನು.

ಮನೆಯಲ್ಲಿ ಆಗಲೇ ಆಯಿಯ ರಾಜ್ಯ ಶುರುವಾಗಿತ್ತು. ಹೊಟ್ಟೆ ಕೊಯ್ಸಿಕೊಂಡು ಬಂದ ಹೆಂಗಸನ್ನು ಹೇಗೆ ನೋಡಿಕೊಳ್ಳಬೇಕು ಎಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಒಳಕೋಣೆಯಲ್ಲಿ ಹೊರಸು ಹಾಕಿ, ಅದರ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಳು. ಕಿವಿ ಮುಚ್ಚುವಂತೆ ತಲೆಗೆ ಅರಿವೆ ಸುತ್ತಿದಳು. ಹೊಟ್ಟೆಗೆ ಹಳೆಯ ಧೋತರ ಬಿಗಿದಳು. ಸಂಜೆ ಲೋಬಾನದ ಹೊಗೆ. ಒಂದು ಕೂಸು ಇಲ್ಲ ಎನ್ನುವುದು ಬಿಟ್ಟರೆ ನಲವತ್ತಾರು ವರ್ಷದ ಅವ್ವ ಪೂರ್ತಿ ಬಾಣಂತಿ.

ನಾನು ಒಂದು ಸಲ ಬಾಯಿ ಹಾಕಿದೆ. "ಆಯೀ, ಇದು ಬಾಣಂತನ ಅಲ್ಲ ಬೇ. ಇದು ಬ್ಯಾರೆ."

"ಏನ್ ಬ್ಯಾರೆ? ಹೊಟ್ಟಿ ಹೊಟ್ಟಿನ. ಕೂಸರ ಬಂದಿರ್ಲಿ, ಹುಣ್ಣರ ಬಂದಿರ್ಲಿ, ಹೊರಗ ಬಂದ ಮ್ಯಾಲ ಒಳಗ ಪೊಳ್ಳ ಬೀಳತೈತಿ. ಪೊಳ್ಳ ತುಂಬಬೇಕು."

"ಡಾಕ್ಟರು ಹಂಗ ಅಂದಿಲ್ಲ."

"ಧಾರವಾಡದಾಗ ಎಷ್ಟ ಬಾಣಂತನ ಮಾಡಿ ಬಂದಿ ನೀ?"

ಅವ್ವ ಹೊರಸಿನ ಮೇಲಿಂದ ನಕ್ಕಳು. ಪೊಳ್ಳು ತುಂಬುವುದು ಅಂದರೆ ಅಂಟಿನ ಉಂಡಿ. ಅವ್ವನ ತವರು ಸಿಂದಗಿ ಕಡೆಯ ಮೋರಟಗಿ. ಅಲ್ಲಿಂದ ಜಾಲಿಮರದ ಅಂಟು ಬಂತು. ಅದನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಗಸಗಸೆ ಕುಟ್ಟಿ ಹಾಕಿ, ಬೆಲ್ಲದ ಪಾಕದಲ್ಲಿ ಆಯಿ ಉಂಡಿ ಕಟ್ಟಿದಳು. ಒಂದೊಂದೂ ಸಣ್ಣ ನಿಂಬೆಹಣ್ಣಿಗಿಂತ ದೊಡ್ಡದು. ಬೆಳಿಗ್ಗೆ ಒಂದು, ಸಂಜೆ ಒಂದು, ಮೇಲೆ ಒಂದು ತಂಬಿಗೆ ಬೆಲ್ಲದ ಹಾಲು. ಮಧ್ಯಾಹ್ನ ಗೋಧಿಯ ಸಿಹಿ ಸಜ್ಜಕ. ರೊಟ್ಟಿಯನ್ನು ಮಾತ್ರ ಹತ್ತಿರ ಸುಳಿಯಗೊಡಲಿಲ್ಲ. ರೊಟ್ಟಿ ಬಿರುಸು, ಹೊಲಿಗೆ ಹರಿಯುತ್ತದೆ.

ಆಯಿಯನ್ನು ಇಲ್ಲಿ ಯಾರೂ ಗಯ್ಯಾಳಿ ಎಂದು ತಿಳಿಯಬಾರದು. ಅವಳ ಹಿರಿಯ ಮಗಳು, ಅಂದರೆ ನಾನು ಕಾಣದ ಸೋದರತ್ತೆ, ಬಾಣಂತಿಯಾಗಿದ್ದಾಗಲೇ ತೀರಿಕೊಂಡಿದ್ದಳು. ಆ ವರ್ಷ ಮನೆಯಲ್ಲಿ ತುಪ್ಪ ಇರಲಿಲ್ಲ, ಅದಕ್ಕೇ ಸತ್ತಳು ಎಂದು ಆಯಿ ನಂಬಿದ್ದಳು. ಸೊಸೆಯ ಬಾಯಿಗೆ ಹಾಕಿದ ಒಂದೊಂದು ಉಂಡಿಯೂ ಮೂವತ್ತು ವರ್ಷ ತಡವಾಗಿ ಮಗಳಿಗೆ ಕೊಟ್ಟದ್ದು.

ಉಂಡಿ ತಿಂದು ಅರ್ಧ ತಾಸು ಆಗುತ್ತಿರಲಿಲ್ಲ, ಅವ್ವನ ಮುಖ ಸುಣ್ಣ ಬಳಿದಂತಾಗುತ್ತಿತ್ತು. ಹಣೆ, ಮೇಲ್ದುಟಿ, ಕುತ್ತಿಗೆಯೆಲ್ಲ ಬೆವರು. "ಎದಿ ಡವಡವ ಅಂತೈತಿ" ಎಂದು ನನ್ನ ಕೈ ತೆಗೆದುಕೊಂಡು ಎದೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಹಕ್ಕಿ ಹಿಡಿದಂತೆ ಇರುತ್ತಿತ್ತು ಅದು. ಹೊಟ್ಟೆ ಗುಡುಗಿ ಹಿತ್ತಲಿಗೆ ಓಡಬೇಕಾಗುತ್ತಿತ್ತು. ಬಂದು ಮಲಗಿದರೆ ತಾಸುಗಟ್ಟಲೆ ಏಳುತ್ತಿರಲಿಲ್ಲ.

"ಅಶಕ್ತಿ" ಎನ್ನುತ್ತಿದ್ದಳು ಆಯಿ. ಅಶಕ್ತಿಗೆ ಇನ್ನೊಂದು ಉಂಡಿ.

ಮೈ ಇಳಿಯುತ್ತ ಹೋಯಿತು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಬಳೆ ತೆಗೆಯುವಂತಿಲ್ಲವಲ್ಲ, ಅವ್ವ ಒಳಗಡೆ ನೂಲು ಸುತ್ತಿಕೊಂಡು ಅವನ್ನು ಮುಂಗೈಯಲ್ಲಿ ನಿಲ್ಲಿಸಿಕೊಂಡಳು. ಆ ನೂಲು ದಪ್ಪವಾಗುತ್ತಿರುವುದನ್ನು ಅಪ್ಪ ನೋಡಿದ. ಅವಳಿಗೆ ಬೆವರು ಬಂದಾಗೆಲ್ಲ ಅಪ್ಪ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದ, ಹೊಲದಲ್ಲಿ ಕೆಲಸ ಇರಲಿ ಬಿಡಲಿ. ಒಂದು ದಿನ ನಾನೇ ಹಿಂದೆ ಹೋದೆ. ಬದುವಿನ ಮೇಲೆ ಕೂತಿದ್ದ.

"ಮತ್ತ ಬಂತೇನವಾ ಅದು?" ಎಂದ ಅಪ್ಪ. ಆ ಶಬ್ದವನ್ನು ನಾವಿಬ್ಬರೂ ಎಂದೂ ಬಾಯಲ್ಲಿ ತರಲಿಲ್ಲ. ಅದು ಎಂದಷ್ಟೇ ಅನ್ನುತ್ತಿದ್ದೆವು.

"ಸೊಲ್ಲಾಪುರಕ್ಕ ಹೋಗೂಣೇನಪಾ?"

"ಹೋಗಿ ಏನ್ ಕೇಳೂದು? ಹೌದು ಅಂದ್ರ?"

ಅವನಷ್ಟೇ ನನಗೂ ಹೆದರಿಕೆ ಇತ್ತು. ಅವ್ವ ಸಾಯುತ್ತಿದ್ದಾಳೆ ಎಂದು ಇಬ್ಬರೂ ಒಳಗೊಳಗೇ ಒಪ್ಪಿಕೊಂಡು, ಆಯಿ ಕೊಟ್ಟದ್ದನ್ನು ಬೇಡ ಎನ್ನುವುದನ್ನೂ ಬಿಟ್ಟಿದ್ದೆವು. ಸಾಯುವವಳಿಗೆ ಸಿಹಿ ಯಾಕೆ ತಪ್ಪಿಸಬೇಕು?

ಈ ದಿನಗಳಲ್ಲೇ ದಿನಚರಿಯ ಒಂದು ಪುಟದಲ್ಲಿ ಎರಡು ಸಾಲು ಇವೆ. "ಅವ್ವ ಅಂದಳು, ಉಂಡಿ ತಿಂದಾಗನ ಹಿಂಗ ಆಗತೈತಿ, ತಿನ್ನಲಿಲ್ಲಂದ್ರ ಆಗೂದಿಲ್ಲ ಅಂತ. ಸಿಂದಗಿಯಿಂದ ಇನ್ನೂ ಉತ್ತರವಿಲ್ಲ." ಆಮೇಲೆ ಒಂದೂವರೆ ಪುಟ ಸಿಂದಗಿಯ ಕಾಲೇಜಿನ ಬಗ್ಗೆ. ಯಾರಿಗೆ ವಶೀಲಿ ಇದೆ, ನನಗೆ ಯಾಕೆ ಇಲ್ಲ, ವಿದ್ಯೆಗೆ ಈ ಜಿಲ್ಲೆಯಲ್ಲಿ ಬೆಲೆ ಇಲ್ಲ, ಇತ್ಯಾದಿ. ಅವ್ವ ಆ ಮಾತು ಹೇಳಿದಾಗ ನಾನು ಏನು ಮಾಡುತ್ತಿದ್ದೆ, ತಲೆ ಎತ್ತಿದೆನೇ ಎಂದು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಆಗಲಿಲ್ಲ. ಮೂವತ್ತು ವರ್ಷ ನನ್ನದೆಂದು ಹೇಳಿಕೊಂಡ ಶೋಧ ಇದೇ, ಅವ್ವನ ಬಾಯಿಂದ ಒಂದೇ ಸಾಲಿನಲ್ಲಿ ಬಂದದ್ದು.

ಮೂರು ವಾರದ ನಂತರದ ಮಧ್ಯಾಹ್ನ ಮಾತ್ರ ನೆನಪಿನಲ್ಲೂ ದಿನಚರಿಯಲ್ಲೂ ಒಂದೇ ರೀತಿ ಇದೆ. ಆಯಿ ಪಡಸಾಲೆಯಲ್ಲಿ ಅಡ್ಡಾಗಿದ್ದಳು. ಒಳಕೋಣೆಯ ಹೊರಸು ಖಾಲಿ ಇತ್ತು. ಹುಡುಕುತ್ತ ಕೊಟ್ಟಿಗೆಯ ಬಾಗಿಲಿಗೆ ಬಂದರೆ ಒಳಗಿನಿಂದ ಕಟಕಟ ಸಪ್ಪಳ. ಅವ್ವ ಗೋದಲಿಯ ಅಂಚಿನ ಮೇಲೆ ಕೂತು ಖಡಕ್ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಅಂಗೈಯಲ್ಲಿ ಒಂದಿಷ್ಟು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ತಲೆಯ ಅರಿವೆ ಬಿಚ್ಚಿ ಪಕ್ಕದಲ್ಲಿಟ್ಟಿದ್ದಳು.

"ಏನ್ ಮಾಡಾಕತ್ತಿ ಬೇ! ಹೊಲಗಿ ಹರೀತಾವು!" ಎಂದು ಕಿರುಚಿದೆ.

ಆಯಿ ಎದ್ದು ಬಂದಳು. ರೊಟ್ಟಿ ನೋಡಿ ಎದೆ ಬಡಿದುಕೊಂಡಳು. "ಅಯ್ಯ ನನ ಶಿವನ! ಸಾಯಾಕ ಕುಂತಿಯೇನ ನೀ?"

ಅವ್ವ ಬಾಯಲ್ಲಿದ್ದುದನ್ನು ನಿಧಾನಕ್ಕೆ ನುರಿಸಿ ನುಂಗಿದಳು. "ಹದಿನೈದ ದಿವಸಾತ್ರಿ ಅತ್ತಿ ತಿನ್ನಾಕತ್ತು. ಹರಿಯೂವಿದ್ರ ಇಷ್ಟೊತ್ತಿಗೆ ಹರೀತಿದ್ದು."

"ಬೆವರು?"

"ಇದನ್ನ ತಿಂದ್ರ ಬರೂದಿಲ್ರಿ."

ಆಯಿಗೆ ಇನ್ನೊಂದು ಲೆಕ್ಕ ಹೊಳೆಯಿತು. "ಹಂಗಾರ ನಾ ಕೊಟ್ಟ ಉಂಡಿ ಎಲ್ಲಿ ಹ್ವಾದು?"

ಅವ್ವ ಕರುವಿನ ಕಡೆ ನೋಡಿದಳು. ನಾವೂ ನೋಡಿದೆವು. ಅದರ ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಗುರುತಿನ ಮನುಷ್ಯರನ್ನು ನೋಡಿದಂತೆ ಆಯಿಯ ಕಡೆ ಬಂದು ಅವಳ ಕೈ ಮೂಸಿತು.

"ಅಂದ್ರ ಇಷ್ಟ ದಿವಸ ನಾ ಈ ಕರಾದ ಬಾಣಂತನ ಮಾಡೀನಿ?"

ಅವ್ವ ನಕ್ಕಳು. ಗಾಯದ ಮೇಲೆ ಕೈಯೊತ್ತಿಕೊಂಡು, ನೋಯುತ್ತದೆ ಎಂದು ನಿಲ್ಲಿಸಲು ನೋಡಿ, ಆಗದೆ ನಕ್ಕಳು. ನಾನೂ ನಕ್ಕೆ. ಆಯಿ ನಗಲಿಲ್ಲ. ಒಳಗೆ ಹೋಗಿ ಉಂಡಿಯ ಡಬ್ಬಿಯನ್ನು ಗೋಡೆಯ ಮಾಡದಿಂದ ಇಳಿಸಿ, ಒಲೆಯ ಮುಂದೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಸಂಜೆಯವರೆಗೆ ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವ್ವನೇ ಹೋಗಿ ಪಕ್ಕದಲ್ಲಿ ಕೂತಳು. "ನಿಮ್ಮ ಕೈ ಗುಣ ಕೆಟ್ಟಿಲ್ರಿ ಅತ್ತಿ. ನನ್ನ ಹೊಟ್ಟಿ ಬ್ಯಾರೆ ಆಗೈತ್ರಿ" ಎಂದದ್ದು ಬಾಗಿಲ ಆಚೆಗಿದ್ದ ನನಗೆ ಕೇಳಿತು.

ಅಪ್ಪನಿಗೆ ನಾನು ಹೇಳಿದೆ. ಕೇಳಿದವನು ಮಾರನೆಯ ದಿನ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೇ ಸೊಲ್ಲಾಪುರಕ್ಕೆ ಹೊರಟುನಿಂತ. ರೊಟ್ಟಿ ತಿಂದರೆ ಬೆವರು ಬರುವುದಿಲ್ಲ ಎಂಬ ಒಂದು ಮಾತಿನಲ್ಲಿ ಅವನಿಗೆ ಅದೆಂಥ ಧೈರ್ಯ ಸಿಕ್ಕಿತೋ.

ಡಾಕ್ಟರು ಅವ್ವನ ಮಾತನ್ನು ಪೂರ್ತಿ ಕೇಳಿದರು. ಉಂಡಿಯಲ್ಲಿ ಏನೇನು ಹಾಕುತ್ತಾರೆ ಎಂದು ಕೇಳಿದರು. ಹಾಲಿನ ತಂಬಿಗೆ ಎಷ್ಟು ದೊಡ್ಡದು ಎಂದು ಕೇಳಿದರು. ಆಮೇಲೆ ಹೊಟ್ಟೆ ಒತ್ತಿ ನೋಡಿ, ಮತ್ತೆ ಬಿಳಿ ಔಷಧ ಕುಡಿಸಿ ಎಕ್ಸ್‌ರೇ ತೆಗೆಸಿದರು. ಮಧ್ಯಾಹ್ನ ಅದು ಕೈಗೆ ಬಂದ ಮೇಲೆ ನಮ್ಮನ್ನು ಕೂರಿಸಿಕೊಂಡು, ಮೊದಲಿನಂತೆಯೇ ಗಾಳಿಯಲ್ಲಿ ಬೆರಳಾಡಿಸಿದರು.

"ತಾಯೀ, ಮದಲ ನಿಮ್ಮ ಹೊಟ್ಟಿ ದೊಡ್ಡ ಚೀಲ ಇತ್ತು. ಬಂದದ್ದನ್ನ ಹಿಡಕೊಂಡು ಸಾವಕಾಶ ಕರುಳಿಗೆ ಬಿಡ್ತಿತ್ತು. ಈಗ ಚೀಲ ಸಣ್ಣದದ. ಬೆಲ್ಲ, ಹಾಲು ಕೂಡಿ ಬಂದ್ರ ಹಿಡಿಯೂದಿಲ್ಲ, ಸರ್ ಅಂತ ಇಳಿದು ಹೋಗತದ. ಕರುಳು ಗಾಬರಿ ಆಗತದ. ಬೆವರು, ಎದಿ ಬಡಿಯೋದು ಎಲ್ಲಾ ಆ ಗಾಬರೀದು. ನಿಮಗ ರೊಟ್ಟಿನ ಚಲೋ. ಒಣಾ ರೊಟ್ಟಿ, ಬ್ಯಾಳಿ, ಪಲ್ಯೆ. ನೀರು ಊಟ ಆಗಿ ಒಂದ ತಾಸಿಗೆ. ದಿವಸಕ್ಕ ಆರು ಸಲ, ಮುಷ್ಟಿಯಷ್ಟ. ಉಂಡ ಮ್ಯಾಲ ಸ್ವಲ್ಪ ಅಡ್ಡಾಗ್ರಿ. ಬಾಯಾಗ ಪೂರಾ ನುರಿಸಬೇಕು. ಹೋದ ಅರ್ಧಾ ಹೊಟ್ಟಿ ಕೆಲಸ ಹಲ್ಲು ಮಾಡಬೇಕು."

"ಇದನ್ನೆಲ್ಲಾ ಅವತ್ತ ಹೇಳಿದ್ದೆ" ಎಂದೂ ಅಂದರು, ನನ್ನ ಕಡೆ ನೋಡಿ. ಅದು ದಿನಚರಿಯಲ್ಲಿ ಇಲ್ಲ. ನೆನಪಿನಲ್ಲೂ ಇರಲಿಲ್ಲ. ಪೆನ್ಸಿಲ್‌ನ ಆ ಸಾಲು ನೋಡಿದ ಮೇಲೆ ಅವರ ಮುಖದ ಜೊತೆಗೆ ಆ ಮಾತು ನೆನಪಾಗಿದೆ. ನಿಜವಾಗಿ ನೆನಪಾಯಿತೋ, ಈಗ ಹುಟ್ಟಿತೋ, ಆಣೆ ಮಾಡಿ ಹೇಳಲಾರೆ.

ಅಪ್ಪ ಕೇಳಬೇಕಾದ್ದನ್ನು ಕೇಳದೆ ಟೋಪಿಯನ್ನು ಕೈಯಲ್ಲಿ ತಿರುವುತ್ತ ಕೂತಿದ್ದ. ಡಾಕ್ಟರೇ ಹೇಳಿದರು. "ಅದು ಎಲ್ಲೂ ಕಾಣಸೂದಿಲ್ಲ. ಆರ ತಿಂಗಳಿಗೊಮ್ಮೆ ಬಂದು ತೋರಿಸ್ರಿ. ಹೆದರಿ ಮನ್ಯಾಗ ಕುಂದರಬ್ಯಾಡ್ರಿ."

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅವ್ವ ಅಪ್ಪನಿಗೆ ಮೆಲ್ಲಗೆ ಅಂದಳು. "ಇನ್ನರ ನನಗ ಬೆವರು ಬಂದಾಗ ಹೊಲಕ್ಕ ಓಡಬ್ಯಾಡ್ರಿ."

ಅದರ ಸಂಗತಿ ಅವಳಿಗೆ ಎಂದಿನಿಂದ ಗೊತ್ತಿತ್ತು ಎಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಮುಗಿದಿರಲಿಲ್ಲ. ಏನು ತಿನ್ನಬೇಕು ಎನ್ನುವುದು ಗೊತ್ತಾಯಿತು, ಯಾವಾಗ ತಿನ್ನಬೇಕು ಎನ್ನುವುದು ದೊಡ್ಡ ತೊಡಕಾಯಿತು. ದಿವಸಕ್ಕೆ ಆರು ಸಲ ಎಂದರೆ ಎರಡು ಎರಡೂವರೆ ತಾಸಿಗೊಮ್ಮೆ. ನಮ್ಮ ಮನೆಯಲ್ಲಿ ಹೆಂಗಸರು ಗಂಡಸರೆಲ್ಲ ಉಂಡ ಮೇಲೆ, ಬಂದವರು ಉಂಡ ಮೇಲೆ, ಒಲೆಯ ಮುಂದೆ ಉಣ್ಣುತ್ತಿದ್ದರು. ಸೊಸೆ ಅತ್ತೆಯ ನಂತರ. ಹೊರಸು ಬಿಟ್ಟು ಎದ್ದು ಒಲೆ ಹಿಡಿದ ಕೂಡಲೇ ಅವ್ವ ಮತ್ತೆ ಸೊಸೆಯಾದಳು. ಅಪ್ಪ ಹೊಲದಿಂದ ಬರುವುದು ಎರಡು ಗಂಟೆಯಾದರೆ, ಅವಳು ಬೆಳಗಿನ ಮುಷ್ಟಿ ರೊಟ್ಟಿಯ ಮೇಲೆ ಎರಡೂವರೆಯವರೆಗೆ ಇರುತ್ತಿದ್ದಳು. ಆಮೇಲೆ ಹಸಿವು ತಡೆಯದೆ ಗಬಗಬ ಉಂಡು, ಮತ್ತೆ ಎದೆ ಹಿಡಿದುಕೊಳ್ಳುತ್ತಿದ್ದಳು.

"ಉಣ್ಣು ಬೇ, ಹನ್ನೊಂದಾತು" ಎಂದರೆ, "ನಿಮ್ಮಪ್ಪ ಉಂಡಿಲ್ಲ, ಅತ್ತಿ ಉಂಡಿಲ್ಲ, ಹ್ಯಾಂಗ ಉಣ್ಣಲಿ? ಗಂಟಲಾಗ ಇಳಿಯೂದಿಲ್ಲವಾ" ಎನ್ನುತ್ತಿದ್ದಳು. ಕೊಟ್ಟಿಗೆಯಲ್ಲಿ ಕದ್ದು ತಿಂದಾಗ ಇಳಿದದ್ದು ಒಲೆಯ ಮುಂದೆ ಇಳಿಯುತ್ತಿರಲಿಲ್ಲ. ನಾನು ವಾದ ಮಾಡಿದೆ, ಧಾರವಾಡದಲ್ಲಿ ಕಲಿತ ವಾದವನ್ನೆಲ್ಲ ಮಾಡಿದೆ. ಅವ್ವ ಕೇಳಿ, "ಶ್ಯಾಣ್ಯಾಕಿ ನೀ" ಎಂದು ತಲೆ ಸವರಿ, ಉಣ್ಣದೆ ಎದ್ದುಹೋಗುತ್ತಿದ್ದಳು. ಅಪ್ಪ ಉಣ್ಣು ಎಂದ. ಅದರಿಂದ ಇನ್ನೂ ನಾಚಿದಳು. ಉಣ್ಣು ಎಂದು ಹೇಳಬೇಕಾಗಿದ್ದವಳು ಆಯಿ. ಆಯಿ ಬೇಡ ಎನ್ನಲಿಲ್ಲ, ಉಣ್ಣು ಎಂದೂ ಅನ್ನಲಿಲ್ಲ. ಉಂಡಿಯ ದಿನದಿಂದ ಸೊಸೆಯ ತಾಟಿನ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಬಳೆಯ ನೂಲು ಹಾಗೇ ಇತ್ತು.

ಹೀಗಿರುವಾಗ ಎಳ್ಳಮಾಸಿ ಬಂತು. ಆ ಅಮಾವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತೆನೆ ಹೊತ್ತ ಜೋಳದ ನಡುವೆ ಐದು ಕಲ್ಲು ಪೂಜಿಸಿ, ತಂದ ಅಡಿಗೆಯನ್ನು ಹೊಲದ ನಾಲ್ಕೂ ಕಡೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಭೂಮಿ ಉಂಡ ಮೇಲೆಯೇ ಮನುಷ್ಯರು ಉಣ್ಣಬೇಕು. ಎತ್ತುಗಳಿಗೂ ಆಮೇಲೆಯೇ. ಆ ದಿನ ಗಂಡಸರೂ ಕಾಯುತ್ತಾರೆ. ಅಗರಖೇಡಕ್ಕೆ ಕೊಟ್ಟಿದ್ದ ನನ್ನ ಇನ್ನೊಬ್ಬ ಸೋದರತ್ತೆ ಹಬ್ಬಕ್ಕೆ ಬಂದಿದ್ದಳು. ನಾಲಿಗೆ ಚುರುಕು. ತವರಿನ ರೀತಿ ರಿವಾಜು ಕೆಡುತ್ತಿದೆಯೇ ಎಂದು ನೋಡಲಿಕ್ಕೇ ಬರುತ್ತಾಳೆ ಎಂದು ಅಪ್ಪ ಅನ್ನುತ್ತಿದ್ದ.

ಗಾಡಿ ಹೊರಟಾಗ ಹತ್ತೂವರೆ. ಅತ್ತೆ ಅಪ್ಪನ ಜೊತೆ ಮುಂದೆ ನಡೆದುಹೋಗಿದ್ದಳು. ಗಾಡಿ ಹೊಡೆಯುತ್ತಿದ್ದದ್ದು ನಮ್ಮ ಹಳೆಯ ಜೀತದಾಳು, ಅವನು ಹಿಂದೆ ನೋಡುವವನಲ್ಲ. ಬುಟ್ಟಿಗಳ ನಡುವೆ ಆಯಿ, ಅವ್ವ, ನಾನು. ಅವ್ವ ಬೆಳಿಗ್ಗೆ ಎಂಟಕ್ಕೆ ತಿಂದವಳು. ಪೂಜೆ, ಚರಗ ಮುಗಿಯಲು ಹನ್ನೆರಡೂವರೆಯಾದರೂ ಆಗುತ್ತಿತ್ತು. ಅವಳ ತುಟಿ ಒಣಗಿದ್ದು ಕಾಣುತ್ತಿತ್ತು. ಗಾಡಿ ಹಳ್ಳಕ್ಕೆ ಇಳಿದಾಗ ಬುಟ್ಟಿ ಹಿಡಿಯಲು ಹೋದ ಅವ್ವನ ಕೈಯಿಂದ ಬಳೆಗಳು ನೂಲಿನ ಸಮೇತ ಜಾರಿ, ಅರಿವೆ ಮುಚ್ಚಿದ ಕಡಬಿನ ಮೇಲೆ ಬಿದ್ದವು.

ಆಯಿ ಅವನ್ನು ಎತ್ತಿಕೊಂಡಳು. ಒರೆಸಿದಳು. ನೂಲನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಎಷ್ಟು ಸುತ್ತು ಇದೆ ಎಂಬಂತೆ. ಸೊಸೆಯ ಕೈ ಹಿಡಿದು ತಾನೇ ಮತ್ತೆ ಹಾಕಿದಳು.

"ಗಾಡಿ ನಿಂದ್ರಸೋ" ಎಂದಳು.

ಗಾಡಿ ನಿಂತಿತು. ಆಯಿ ರೊಟ್ಟಿಯ ಬುಟ್ಟಿಯ ಅರಿವೆ ಬಿಚ್ಚಿದಳು. ಪೂಜೆಗೆ ತೆಗೆದಿಟ್ಟ ಬುಟ್ಟಿ ಅದು. ಒಂದು ಸಜ್ಜೆರೊಟ್ಟಿ ತೆಗೆದು ಅರ್ಧ ಮುರಿದು, ಮೇಲೆ ಒಂದಿಷ್ಟು ಪುಂಡಿಪಲ್ಯ ಹಚ್ಚಿ ಸೊಸೆಯ ಮುಂದೆ ಹಿಡಿದಳು.

"ಅತ್ತೀ, ಚರಗ ಚೆಲ್ಲಿಲ್ರಿ!"

"ಗೊತ್ತೈತಿ."

"ಪಾಪ ಹತ್ತತೈತ್ರಿ."

"ಹತ್ತಿದ್ರ ನನಗ ಹತ್ಲಿ. ನನಗೇನು ಇನ್ನ ಎಷ್ಟ ದಿವಸ ಐತಿ. ತಿನ್ನು. ಸಾವಕಾಶ ತಿನ್ನು, ನುರಿಸಿ ತಿನ್ನು."

ಅವ್ವ ತಿಂದಳು. ಆಯಿ ತನ್ನ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಎತ್ತಿ, ಹೊಲದ ಕಡೆಗೆ ಮರೆ ಹಿಡಿದು ನಿಂತಿದ್ದಳು, ಭೂಮಿಗೆ ಕಾಣಬಾರದು ಎಂಬಂತೆ. ನನ್ನ ನೆನಪಿನಲ್ಲಿ ಈ ಚಿತ್ರ ಇಷ್ಟು ಸ್ಪಷ್ಟವಾಗಿದೆ ಎಂದರೆ ಸೆರಗಿನ ಬಣ್ಣವನ್ನೂ ಹೇಳಬಲ್ಲೆ. ದಿನಚರಿಯಲ್ಲಿ ಸೆರಗಿನ ಸುದ್ದಿಯೇ ಇಲ್ಲ. "ದಾರಿಯಲ್ಲಿ ಗಾಡಿ ನಿಲ್ಲಿಸಿ ಅವ್ವನಿಗೆ ಅರ್ಧ ರೊಟ್ಟಿ ಕೊಟ್ಟೆವು" ಎಂದಿದೆ. ಕೊಟ್ಟೆವು! ಅಲ್ಲಿಯೂ ನಾನು ನನ್ನನ್ನು ಸೇರಿಸಿಕೊಂಡಿದ್ದೇನೆ. ಸೆರಗು ಇತ್ತೋ ಇಲ್ಲವೋ, ಈಗ ಕೇಳಲು ಇಬ್ಬರಲ್ಲಿ ಒಬ್ಬರೂ ಇಲ್ಲ.

ಆಮೇಲಿನದ್ದು ಮಾತ್ರ ದಿನಚರಿಯಲ್ಲಿ ಮಾತುಮಾತಿಗೆ ಇದೆ. ಅದನ್ನು ಯಾಕೆ ಅಷ್ಟು ಜಾಗ್ರತೆಯಿಂದ ಬರೆದುಕೊಂಡೆನೋ, ಆ ಇಪ್ಪತ್ಮೂರರ ಹುಡುಗಿಗೆ ಅಷ್ಟರಮಟ್ಟಿಗೆ ಋಣಿ. ಪೂಜೆಯಾಯಿತು, ಅಪ್ಪ ಚರಗ ಚೆಲ್ಲಿ ಬಂದ. ಬನ್ನಿಗಿಡದ ನೆರಳಿನಲ್ಲಿ ಎಲ್ಲರೂ ಕೂತರು. ಆ ದಿನ ಹೊಲದಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಕೂರುವುದು ರೂಢಿ. ಆಯಿ ತಾನೇ ಬಡಿಸಲು ನಿಂತಳು. ಎಲ್ಲರಿಗೂ ಶೇಂಗಾ ಹೋಳಿಗೆ ಹಾಕುತ್ತ ಬಂದವಳು ಅವ್ವನ ಮುಂದೆ ನಿಲ್ಲದೆ ದಾಟಿಹೋದಳು. ಪಂಕ್ತಿಯಲ್ಲಿ ಒಬ್ಬರನ್ನು ಬಿಟ್ಟು ಬಡಿಸುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅಗರಖೇಡದ ಅತ್ತೆ ಕೂಡಲೇ ಹಿಡಿದಳು.

"ಯವ್ವಾ, ಸೊಸಿಗೆ ಯಾಕ ಬಿಟ್ಟಿ ಬೇ? ಜಗಳ ಆಡೀರೇನ?"

"ಅಕಿಗೆ ಸಿಹಿ ಬ್ಯಾಡ."

"ರೊಟ್ಟೀನೂ ಹಾಕಲಿಲ್ಲಲ್ಲ?"

ಅವ್ವ ತಲೆ ಬಗ್ಗಿಸಿದಳು. ನಾನು ಏನಾದರೂ ಸುಳ್ಳು ಹುಡುಕುತ್ತಿದ್ದೆ. ಆಯಿ ಹೋಳಿಗೆಯ ಬುಟ್ಟಿಯನ್ನು ಕೆಳಗಿಟ್ಟು, ಮಗಳ ಕಡೆ ತಿರುಗಿದಳು.

"ಅಕಿದು ಆಗೈತಿ."

"ಯಾವಾಗ?"

"ಬರೂಮುಂದ. ಗಾಡ್ಯಾಗ."

"ಚರಗಾ ಚೆಲ್ಲೂಕಿಂತ ಮದಲ?" ಅತ್ತೆಯ ಕೈ ತಾಟಿನಲ್ಲೇ ನಿಂತಿತು.

"ಹೌದು. ನಾನ ತಿನಸೀನಿ. ಅಕಿ ಹೊಟ್ಟಿ ಅರ್ಧಾ ಐತಿ, ಅದು ಯಾರಿಗೂ ಕಾಯೂದಿಲ್ಲ. ಇನ್ನೊಂದ ತಾಸಿಗೆ ಮತ್ತ ಉಣತಾಳ. ನೀ ನಿಂದು ಉಣ್ಣು."

ಅಪ್ಪ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯೂ ಉಣ್ಣತೊಡಗಿದಳು.

ಅದಾದ ಮೇಲೆ ನಮ್ಮ ಮನೆಯಲ್ಲಿ ಹೊತ್ತು ಹನ್ನೊಂದಕ್ಕೆ ಬಂದರೆ ಒಳಗಿನಿಂದ ಆಯಿಯ ಕೂಗು ಕೇಳುತ್ತಿತ್ತು. ಬಾಗಿಲಲ್ಲಿ ಬೀಗರು ಕೂತಿರಲಿ, ಊರ ಗೌಡರು ಕೂತಿರಲಿ, "ಏ ಯವ್ವಾ, ನಿನ್ನ ಹೊತ್ತಾತು, ಬಾ" ಎನ್ನುವಳು. ಅವ್ವ ನಾಚುತ್ತಲೇ ಹೋಗಿ ಉಂಡು ಬರುತ್ತಿದ್ದಳು. ಆ ಉಳಿದ ಹೊಟ್ಟೆಯಲ್ಲಿ ಅವಳು ಆಯಿಗಿಂತ ಹೆಚ್ಚು, ಅಪ್ಪನಿಗಿಂತಲೂ ಹೆಚ್ಚು ವರ್ಷ ಬಾಳಿದಳು. ಮೈ ಪೂರ್ತಿ ತುಂಬಲಿಲ್ಲ. ಬಳೆಯ ನೂಲು ಮಾತ್ರ ಯುಗಾದಿಯ ಹೊತ್ತಿಗೆ ಒಂದೊಂದೇ ಸುತ್ತು ಬಿಚ್ಚಿ ಹೋಯಿತು. ಬಿಚ್ಚಿದವಳು ಆಯಿ. ಅದು ದಿನಚರಿಯಲ್ಲಿ ಇದೆ, ದಿನದ ಸಮೇತ.